ಹಳೇ ಚುಟುಕು ಹಾಸ್ಯ ಚಿತ್ರಗಳ ರೀಲು: ಶಿರಸಿ, ಕಾರವಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂಕಿ ಕಾಲದ ಸಣ್ಣ ಹಾಸ್ಯ ಚಿತ್ರಗಳ ರೀಲು ಕೂಡಿಡುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಆದರೆ ಜಗಲಿಯಲ್ಲಿ ಒಂದು ಬಿಳಿ ಪಂಚೆ ಕಟ್ಟಿ ತೋರಿಸುತ್ತೇವೆ ಅಂದರೆ ನೋಡಲು ಬರುವವರು ಜಾಸ್ತಿ. ನೋಡಿ ನಕ್ಕವರು ಆಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೂ ನನಗೆ ಗೊತ್ತಿರುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಚುಟುಕು ಹಾಸ್ಯ ಚಿತ್ರ ಅಂದರೆ ಯಾವುದು?

ಒಂದೇ ಸನ್ನಿವೇಶ, ಇಬ್ಬರೋ ಮೂವರೋ ಪಾತ್ರಧಾರಿಗಳು, ಒಂದು ಫಜೀತಿ. ಆ ಫಜೀತಿ ಬೆಳೆಯುತ್ತಾ ಹೋಗಿ ಒಂದು ಹಂತದಲ್ಲಿ ಒಡೆಯುತ್ತದೆ, ಚಿತ್ರ ಮುಗಿಯುತ್ತದೆ. ದೊಡ್ಡ ಕತೆ ಏನೂ ಇರುವುದಿಲ್ಲ.

ಸಿನಿಮಾದಷ್ಟೇ ವಯಸ್ಸು ಇದಕ್ಕೂ ಆಗಿದೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು 10 ತುಣುಕು ತೋರಿಸಿದರು. ಅದರಲ್ಲಿ ಒಂದು ಹಾಸ್ಯದ್ದು. ಪೂರ್ತಿ ಒಂದು ನಿಮಿಷವೂ ಇಲ್ಲ. ತೋಟಗಾರ ಪೈಪಿನಲ್ಲಿ ಗಿಡಗಳಿಗೆ ನೀರು ಬಿಡುತ್ತಿರುತ್ತಾನೆ. ಹಿಂದಿನಿಂದ ಒಬ್ಬ ಹುಡುಗ ಬಂದು ಪೈಪನ್ನು ತುಳಿಯುತ್ತಾನೆ. ನೀರು ನಿಲ್ಲುತ್ತದೆ. ತೋಟಗಾರ ಪೈಪಿನ ಬಾಯಿಗೆ ಮುಖ ಕೊಟ್ಟು ಇಣುಕುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಮುಂದಿನದು ಹೇಳಬೇಕಾಗಿಲ್ಲ ಅಲ್ವಾ?

ಈ ತುಣುಕಿನ ಕೊನೆಯನ್ನು ಸರಿಯಾಗಿ ಗಮನಿಸಿ. ಹುಡುಗ ದೂರ ಓಡುತ್ತಾನೆ. ತೋಟಗಾರ ಅವನನ್ನು ಹಿಡಿದು ಅಲ್ಲೇ ಬಾರಿಸಬಹುದಿತ್ತು. ಹಾಗೆ ಮಾಡದೆ ಕಿವಿ ಹಿಡಿದು ಮತ್ತೆ ಮುಂದಕ್ಕೆ ಎಳೆದು ತಂದು ಬಾರಿಸುತ್ತಾನೆ. ಕ್ಯಾಮೆರಾ ಅಲುಗಾಡುವಂತಿರಲಿಲ್ಲ, ನಟರೇ ಅದರ ಮುಂದೆ ಬರಬೇಕಿತ್ತು. ಪ್ರೇಕ್ಷಕರಿಗೆ ಕಾಣುವ ಜಾಗ ಯಾವುದು ಅಂತ ಆಗಲೇ ಲೆಕ್ಕ ಹಾಕಿದ್ದರು.

ಮುಂದೆ ಈ ಚುಟುಕುಗಳು ಒಂದು ರೀಲು (ಟಾಕೀಸಿನ ಫಿಲ್ಮಿನಲ್ಲಿ ಸುಮಾರು 1,000 ಅಡಿ), ಎರಡು ರೀಲಿನಷ್ಟು ಬೆಳೆದವು. ಫ್ರಾನ್ಸಿನಲ್ಲಿ ಮ್ಯಾಕ್ಸ್ ಲಿಂಡರ್ 1905ರಿಂದ ಪಾಥೆ ಕಂಪನಿಗೆ ನಟಿಸಿದರು. ಅಮೆರಿಕದಲ್ಲಿ 1912ರಲ್ಲಿ ಮ್ಯಾಕ್ ಸೆನೆಟ್ ಕೀಸ್ಟೋನ್ ಸ್ಟುಡಿಯೋ ಶುರು ಮಾಡಿದರು. 1914ರಲ್ಲಿ ಅಲ್ಲಿಗೆ ಚಾಪ್ಲಿನ್ ಬಂದರು. ಅದೇ ಸ್ಟುಡಿಯೋದಲ್ಲಿ ಮೇಬಲ್ ನಾರ್ಮಂಡ್ ಎಂಬ ನಟಿ ತಾನೇ ನಿರ್ದೇಶನವನ್ನೂ ಮಾಡುತ್ತಿದ್ದರು. ಚಾಪ್ಲಿನ್ ಹೆಸರು ಹೇಳುವವರು ಇವರ ಹೆಸರನ್ನೂ ಹೇಳಬೇಕು ಅನ್ನುವುದು ನನ್ನ ಮಾತು.

ಸಂಗ್ರಹ ಮಾಡುವವರಿಗೆ ಇದರ ಮೇಲೆಯೇ ಯಾಕೆ ಇಷ್ಟು ಮೋಹ?

ಇವು ಸವೆದುಹೋಗಲಿ ಅಂತಲೇ ಮಾಡಿದ ಚಿತ್ರಗಳು. ಅದೇ ಮುಖ್ಯ ಕಾರಣ.

ದೊಡ್ಡ ಚಿತ್ರಕ್ಕೆ ಹೆಸರು, ಜಾಹೀರಾತು, ಮರುಬಿಡುಗಡೆ ಎಲ್ಲ ಇರುತ್ತಿತ್ತು. ಚುಟುಕು ಹಾಸ್ಯ ಅದರ ಜೊತೆಗೆ ಹೋಗುವ ಸಾಮಾನು. ವಾರಕ್ಕೊಂದು ಊರು ಸುತ್ತಿ, ಗೀಚಿ, ಹರಿದು, ಅಂಟಿಸಿ, ಮತ್ತೆ ಹರಿದು, ಕೊನೆಗೆ ಬಿಸಾಡುತ್ತಿದ್ದರು. ಅಮೆರಿಕದ ಮೂಕಿ ಕಾಲದ ಪೂರ್ಣಾವಧಿ ಚಿತ್ರಗಳ ಬಗ್ಗೆ 2013ರಲ್ಲಿ ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ವರದಿ ತಂದಿತು. ಸುಮಾರು 11,000 ಚಿತ್ರಗಳಲ್ಲಿ ಮೂಲ 35 ಎಂಎಂ (ಟಾಕೀಸಿನಲ್ಲಿ ಓಡಿಸುವ ಫಿಲ್ಮಿನ ಅಗಲ) ರೂಪದಲ್ಲಿ ಪೂರ್ತಿಯಾಗಿ ಉಳಿದದ್ದು ಶೇ 14 ಮಾತ್ರ. ಹೆಸರಿದ್ದ ದೊಡ್ಡ ಚಿತ್ರಗಳ ಪಾಡೇ ಇದು.

ಹಾಗಾದರೆ ಚುಟುಕುಗಳು ಉಳಿದದ್ದು ಹೇಗೆ? ಎಷ್ಟೋ ಉಳಿದದ್ದು ಮನೆಗಳಲ್ಲಿ. 1922ರಲ್ಲಿ ಪಾಥೆ ಕಂಪನಿ ಮನೆಯಲ್ಲಿ ನೋಡಲು 9.5 ಎಂಎಂ ಫಿಲ್ಮು ತಂದಿತು. 1923ರಲ್ಲಿ ಕೊಡಾಕ್ 16 ಎಂಎಂ ತಂದಿತು, 1932ರಲ್ಲಿ 8 ಎಂಎಂ. ಈ ಸಣ್ಣ ಫಿಲ್ಮುಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ, ರಜೆಯ ಸಂಜೆಗೆ ಅಂತ ಜನ ಕೊಂಡದ್ದು ಹೆಚ್ಚಾಗಿ ಇಂಥ ಹಾಸ್ಯವನ್ನೇ. ಸ್ಟುಡಿಯೋದ ಗೋದಾಮು ಸುಟ್ಟುಹೋಯಿತು, ಮನೆಯ ಪೆಟ್ಟಿಗೆ ಉಳಿಯಿತು.

ಲಾರೆಲ್ ಮತ್ತು ಹಾರ್ಡಿ ಜೋಡಿಯ 1927ರ ಒಂದು ಎರಡು ರೀಲಿನ ಚಿತ್ರ ಇದೆ, ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’. ಅದರ ಎರಡನೇ ರೀಲಿನಲ್ಲಿ ಇಡೀ ಬೀದಿಯ ಜನ ಒಬ್ಬರ ಮುಖಕ್ಕೆ ಒಬ್ಬರು ಕ್ರೀಮಿನ ಪೈ ಎಸೆಯುತ್ತಾರೆ. ಸಿನಿಮಾದ ಇತಿಹಾಸದಲ್ಲೇ ಹೆಸರಾದ ಜಗಳ ಅದು. ಆ ರೀಲು ಪೂರ್ತಿಯಾಗಿ ಎಲ್ಲೂ ಇರಲಿಲ್ಲ. ಬೇರೊಂದು ಚಿತ್ರದೊಳಗೆ ಸೇರಿಸಿದ್ದ ತುಣುಕು ಮಾತ್ರ ಇತ್ತು. 2015ರಲ್ಲಿ ಅಮೆರಿಕದ ಒಬ್ಬ ಸಂಗ್ರಾಹಕರ ಬಳಿ 16 ಎಂಎಂ ಪ್ರತಿ ಸಿಕ್ಕಿತು. ಅದಕ್ಕೂ ಕೆಲವು ವರ್ಷ ಮೊದಲು ಮಿಷಿಗನ್ನಿನ ಹಳೇ ಸಾಮಾನು ಮಾರಾಟದಲ್ಲಿ ಸಿಕ್ಕ ಒಂದು ರೀಲಿನಲ್ಲಿ, 1914ರ ಚಿತ್ರದಲ್ಲಿ, ಪೊಲೀಸಿನವನ ವೇಷದಲ್ಲಿ ಚಾಪ್ಲಿನ್ ಕಾಣಿಸಿಕೊಂಡರು. ಆ ಚಿತ್ರದಲ್ಲಿ ಅವರು ಇದ್ದಾರೆ ಅನ್ನುವುದೇ ಜನರಿಗೆ ಮರೆತುಹೋಗಿತ್ತು.

ಇಂಥದ್ದು ಕೇಳಿದ ಮೇಲೆ ತುಕ್ಕು ಹಿಡಿದ ಡಬ್ಬಿ ಕಂಡರೆ ಮುಚ್ಚಳ ತೆಗೆಯದೆ ಹೇಗೆ ಇರುವುದು?

ಇನ್ನೊಂದು ಆಕರ್ಷಣೆ ಪ್ರತಿಗಳ ನಡುವಿನ ವ್ಯತ್ಯಾಸ. ದೇಶದೊಳಗೆ ಒಂದು, ಹೊರದೇಶಕ್ಕೆ ಒಂದು ಅಂತ ಎರಡು ನೆಗೆಟಿವ್ ಮಾಡುವುದು ಆಗ ರೂಢಿ. ಎರಡನ್ನೂ ಬೇರೆ ಬೇರೆ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು, ಕೆಲವೊಮ್ಮೆ ನಟನೆಯನ್ನೇ ಮತ್ತೆ ಮಾಡಿಸುತ್ತಿದ್ದರು. ಹಾಗಾಗಿ ಒಂದೇ ಹೆಸರಿನ ಎರಡು ರೀಲು ಒಂದೇ ಅಲ್ಲದಿರಬಹುದು. ಪಾಥೆಯ 9.5 ಎಂಎಂ ಪ್ರತಿಗಳಲ್ಲಂತೂ ಚಿತ್ರವನ್ನು ಕತ್ತರಿಸಿ ಚಿಕ್ಕದು ಮಾಡಿರುತ್ತಾರೆ. ಫಿಲ್ಮು ಉಳಿಸಲು ಬರಹದ ಫ್ರೇಮಿನ, ಅಂದರೆ ಫಿಲ್ಮಿನಲ್ಲಿ ಮಾತು ಬರೆದ ಒಂದು ಚೌಕದ, ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿರುತ್ತಾರೆ. ಕಚ್ಚು ಬಂದಾಗ ಯಂತ್ರ ಆ ಫ್ರೇಮನ್ನು ಕೆಲವು ಸೆಕೆಂಡು ಹಾಗೇ ಹಿಡಿದು ನಿಲ್ಲಿಸುತ್ತದೆ, ನಾವು ಓದಿಕೊಳ್ಳುತ್ತೇವೆ. ಬೆರಳಿನಲ್ಲಿ ಸವರಿದರೆ ಆ ಕಚ್ಚು ಗೊತ್ತಾಗುತ್ತದೆ. ನೂರು ವರ್ಷದ ಹಿಂದೆ ಯಾರೋ ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಂತ ಖುಷಿಯಾಗುತ್ತದೆ.

ನೂರು ವರ್ಷ ಹಳೇ ಹಾಸ್ಯಕ್ಕೆ ಈಗಿನ ಮಕ್ಕಳು ನಗುತ್ತಾರಾ?

ನಗುತ್ತಾರೆ. ಮಾತಿನ ಹಾಸ್ಯಕ್ಕೆ ವಯಸ್ಸಾಗುತ್ತದೆ, ಮೈಯಿನ ಹಾಸ್ಯಕ್ಕೆ ಅಷ್ಟು ಬೇಗ ಆಗುವುದಿಲ್ಲ.

ಚಾಪ್ಲಿನ್‌ರ 1916ರ ‘ಒನ್ ಎ.ಎಂ.’ ತೋರಿಸಿ ನೋಡಿ. ಶುರುವಿನಲ್ಲಿ ಬರುವ ಟ್ಯಾಕ್ಸಿಯವನನ್ನು ಬಿಟ್ಟರೆ ಎರಡು ರೀಲೂ ಒಬ್ಬರದೇ ಆಟ. ಕುಡಿದು ಬಂದ ಸಾಹುಕಾರ ಮಹಡಿ ಹತ್ತಿ ಮಲಗಬೇಕು, ಅಷ್ಟೇ ಕೆಲಸ. ನೆಲಕ್ಕೆ ಹಾಸಿದ ಹುಲಿ ಚರ್ಮಕ್ಕೆ ಹೆದರುತ್ತಾನೆ. ಗಡಿಯಾರದ ದೊಡ್ಡ ಲೋಲಕ ಹೊಡೆದು ಕೆಳಕ್ಕೆ ಉರುಳುತ್ತಾನೆ. ಕೊನೆಗೆ ಗೋಡೆಯಿಂದ ಮಡಚಿ ತೆಗೆಯುವ ಮಂಚ. ಇವನು ಕೂತರೆ ಅದು ಏಳುತ್ತದೆ, ಇವನು ಎದ್ದರೆ ಅದು ಬೀಳುತ್ತದೆ. ಮಂಚ ಗೆಲ್ಲುತ್ತದೆ. ಇವನು ಬಚ್ಚಲ ತೊಟ್ಟಿಯಲ್ಲಿ ಮಲಗುತ್ತಾನೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿಯಿಡೀ ಬಯಲಾಟ ನೋಡಿದವರಿಗೆ ಹಾಸ್ಯಗಾರ ಗೊತ್ತು. ದೂತನ ವೇಷದಲ್ಲಿ ಬಂದು ಒಂದು ಸುತ್ತು ಸುಮ್ನೆ ನಡೆದರೆ ಸಾಕು, ಸಭೆ ನಗುತ್ತದೆ. ಅಡುಗೂಲಜ್ಜಿ ಬೆನ್ನು ಬಾಗಿಸಿ ನಿಂತ ರೀತಿಗೇ ನಗು. ನಳನ ಪ್ರಸಂಗದ ಬಾಹುಕ ನಗಿಸುತ್ತಾ ನಗಿಸುತ್ತಾ ಒಮ್ಮೆಲೇ ಕಣ್ಣಲ್ಲಿ ನೀರು ತರಿಸುತ್ತಾನೆ. ಆ ನಡಿಗೆ, ಆ ನಿಲುವು, ಎಲ್ಲಿ ತಡೆದು ಎಲ್ಲಿ ಬಿಡಬೇಕು ಅನ್ನುವ ಲೆಕ್ಕ ಇವೇ ಮೂಕಿ ಹಾಸ್ಯದ ಬಂಡವಾಳವೂ ಹೌದು. ಹೊನ್ನಾವರ, ಕುಮಟಾ, ಸಿದ್ದಾಪುರದ ಹಿರಿಯರು ಮೂಕಿ ಕಾಲದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್‌ರನ್ನು ನೋಡಿ “ಮುಖದಲ್ಲಿ ಒಂದು ಚೂರೂ ನಗು ಇಲ್ಲ, ಇವ ಪಕ್ಕಾ ಹಾಸ್ಯಗಾರ” ಅನ್ನುತ್ತಾರೆ. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಹಳೇ ಚಿತ್ರದಲ್ಲಿ ಎಲ್ಲರೂ ಓಡೋಡಿ ಹೋದ ಹಾಗೆ ಕಾಣುತ್ತದಲ್ಲ, ಯಾಕೆ?

ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮು, ಅವರವರ ಕೈ. ಟಾಕಿ ಬಂದ ಮೇಲೆ ವೇಗ 24ಕ್ಕೆ ನಿಂತಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ಅವಸರ. ಆದರೆ ಎಲ್ಲ ಅವಸರವೂ ತಪ್ಪಲ್ಲ. ಬೆನ್ನಟ್ಟುವ ದೃಶ್ಯಗಳಲ್ಲಿ ಬೇಕೆಂದೇ ನಿಧಾನ ತಿರುಗಿಸಿ, ಪರದೆಯ ಮೇಲೆ ಜೋರಾಗಿ ಕಾಣಿಸುವಂತೆ ಮಾಡುತ್ತಿದ್ದರು. ವೇಗ ಬದಲಿಸಬಹುದಾದ ಪ್ರೊಜೆಕ್ಟರ್ ಇದ್ದರೆ 18ರಿಂದ ಶುರು ಮಾಡಿ ನೋಡಿ. ಮನುಷ್ಯರು ಮನುಷ್ಯರ ಹಾಗೆ ನಡೆಯುವ ಒಂದು ಹದ ಸಿಗುತ್ತದೆ.

ನಮ್ಮನೆ ಮೆತ್ತಿನ ಮೇಲೆ ಅಜ್ಜನ ಕಾಲದ ರೀಲು ಇದೆ. ಯಾವ ಫಿಲ್ಮು ಅಂತ ತಿಳಿಯುವುದು ಹೇಗೆ?

ಮೊದಲು ಅಗಲ ಅಳೆಯಿರಿ. ಶಾಲೆಯ ಸ್ಕೇಲು ಸಾಕು. 35, 16, 9.5, 8 ಮಿಲಿಮೀಟರು. 9.5ರದ್ದು ಸುಲಭ, ತೂತುಗಳು ಅಂಚಿನಲ್ಲಿ ಇರುವುದಿಲ್ಲ, ನಡುವೆ ಫ್ರೇಮಿಗೂ ಫ್ರೇಮಿಗೂ ಮಧ್ಯದಲ್ಲಿ ಇರುತ್ತವೆ. 8 ಎಂಎಂನಲ್ಲಿ ಎರಡು ಬಗೆ. ತೂತು ದೊಡ್ಡದಾಗಿ ಚೌಕದ ಹತ್ತಿರ ಇದ್ದರೆ ಹಳೇ 8. ತೂತು ಸಣ್ಣದಾಗಿ ಚಿತ್ರ ದೊಡ್ಡದಾಗಿದ್ದರೆ 1965ರಲ್ಲಿ ಬಂದ ಸೂಪರ್ 8. ಎರಡೂ ಒಂದೇ ಯಂತ್ರದಲ್ಲಿ ಓಡುವುದಿಲ್ಲ. ಎರಡಕ್ಕೂ ಆಗುವ ಯಂತ್ರ ಇದೆ, ಅದರಲ್ಲಿ ಬದಲಾಯಿಸುವ ಗುಂಡಿ ಇರುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಹೇಳುತ್ತೇನೆ. 35 ಎಂಎಂನಲ್ಲಿ ಅಡಿಗೆ 16 ಫ್ರೇಮು, 16 ಎಂಎಂನಲ್ಲಿ 40, ಹಳೇ 8ರಲ್ಲಿ 80. ಆದ್ದರಿಂದ 35ರ 1,000 ಅಡಿ, 16ರ 400 ಅಡಿ, 8ರ 200 ಅಡಿ ಮೂರರಲ್ಲೂ ಇರುವುದು 16,000 ಫ್ರೇಮು. ಟಾಕೀಸಿನ ಒಂದು ರೀಲು ಒಂದು ಫ್ರೇಮೂ ಬಿಡದೆ ಅಂಗೈಯಲ್ಲಿ ಹಿಡಿಯುವ ಸುರುಳಿಗೆ ಇಳಿಯುತ್ತದೆ. ಸೆಕೆಂಡಿಗೆ 16ರಂತೆ ಓಡಿಸಿದರೆ ಸುಮಾರು 17 ನಿಮಿಷ. ಡಬ್ಬಿಯ ಮೇಲೆ ಒಂದು ರೀಲಿನ ಚಿತ್ರದ ಹೆಸರಿದ್ದು ಒಳಗೆ 50 ಅಡಿ ಮಾತ್ರ 8 ಎಂಎಂ ಇದ್ದರೆ, ಅದು ಕತ್ತರಿಸಿದ ತುಣುಕು ಅಂತ ಆಗಲೇ ಗೊತ್ತಾಗುತ್ತದೆ.

ಕೊಡಾಕ್ ಫಿಲ್ಮಾದರೆ ಅಂಚಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಸಣ್ಣ ವೃತ್ತ, ಚೌಕ, ತ್ರಿಕೋನದ ಗುರುತು ಇರುತ್ತದೆ. ಅದು ಫಿಲ್ಮು ತಯಾರಾದ ವರ್ಷದ ಗುಟ್ಟು. ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತವೆ. ಆ ವರ್ಷ ಈ ಪ್ರತಿಯದ್ದು, ಚಿತ್ರ ತೆಗೆದ ವರ್ಷ ಅಲ್ಲ. 1916ರ ಚಿತ್ರದ 1950ರ ದಶಕದ ಪ್ರತಿ ನಿಮ್ಮಲ್ಲಿದ್ದರೆ ಬೇಸರ ಬೇಡ, ಸಿಗುವುದೇ ಹೆಚ್ಚಾಗಿ ಅಂಥವು.

ಹಳೇ ಫಿಲ್ಮಿಗೆ ಬೆಂಕಿ ಬೇಗ ಹತ್ತುತ್ತದಂತೆ, ಹೌದಾ?

35 ಎಂಎಂ ಆದರೆ ಹೌದು, ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಸುಮಾರು 1951ರವರೆಗೆ 35 ಎಂಎಂ ಫಿಲ್ಮು ಹೆಚ್ಚಾಗಿ ನೈಟ್ರೇಟ್, ಅಂದರೆ ಬೇಗ ಬೆಂಕಿ ಹತ್ತುವ ಬಗೆಯದು. ಹತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಬಿಡುತ್ತದೆ. ನೀರಿನೊಳಗೂ ಉರಿಯುತ್ತದೆ. ಹೆರಾಲ್ಡ್ ಲಾಯ್ಡ್ ಅವರ ಆರಂಭದ ಹಾಸ್ಯ ಚಿತ್ರಗಳು 1943ರಲ್ಲಿ ಅವರ ಸ್ವಂತ ಉಗ್ರಾಣದಲ್ಲೇ ಸುಟ್ಟುಹೋದವು. ಪುಣೆಯಲ್ಲಿ 2003ರ ಜನವರಿಯಲ್ಲಿ ಬಿದ್ದ ಬೆಂಕಿಯಲ್ಲಿ ನಮ್ಮ ದೇಶದ ಎಷ್ಟೋ ನೈಟ್ರೇಟ್ ರೀಲುಗಳು ಹೋದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಡಾಕ್‌ನ 16 ಎಂಎಂ, 8 ಎಂಎಂ ಶುರುವಿನಿಂದಲೂ ಸೇಫ್ಟಿ ಫಿಲ್ಮು, ಅಂದರೆ ಸುಲಭವಾಗಿ ಬೆಂಕಿ ಹತ್ತದ ಅಸಿಟೇಟ್ ಫಿಲ್ಮು, ಮನೆಯಲ್ಲಿ ಇಡಬಹುದು. 35 ಎಂಎಂ ಹಳೇ ರೀಲು ಸಿಕ್ಕಿ ಅಂಚಿನಲ್ಲಿ ನೈಟ್ರೇಟ್ ಅಂತ ಇದ್ದರೆ, ಅಥವಾ ಅಂಟುಅಂಟಾಗಿ ಕಂದು ಪುಡಿ ಉದುರುತ್ತಿದ್ದರೆ, ಕಡ್ಡಿ ಗೀರಿ ಪರೀಕ್ಷೆ ಮಾಡಬೇಡಿ. ಬಚ್ಚಲ ಒಲೆ, ಅಡಿಗೆಮನೆ, ಬಿಸಿಲು ಇವುಗಳಿಂದ ದೂರ, ಮನೆಯಿಂದ ಹೊರಗೆ ತಂಪಾದ ನೆರಳಿನಲ್ಲಿ ಇಟ್ಟು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದವರನ್ನು ಕೇಳಿ. ಅಂಚೆಯಲ್ಲಿ, ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಲೇಬೇಡಿ.

ನಮ್ಮ ಮಳೆಗಾಲದಲ್ಲಿ ರೀಲು ಉಳಿಯುತ್ತದಾ?

ಇದೇ ನಮ್ಮ ದೊಡ್ಡ ಕಷ್ಟ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಫಿಲ್ಮಿನ ಮೇಲಿನ ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ಬೂಷ್ಟಿಗೆ ಅದು ಒಳ್ಳೆಯ ಊಟ.

ಸೇಫ್ಟಿ ಫಿಲ್ಮಿಗೆ ಇನ್ನೊಂದು ರೋಗ ಇದೆ. ಸೆಕೆ, ತೇವ ಎರಡೂ ಸೇರಿದರೆ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಒಮ್ಮೆ ಶುರುವಾದರೆ ಹಿಂದಕ್ಕೆ ತರಲು ಬರುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಪಕ್ಕದ ರೀಲಿಗೂ ದಾಟುತ್ತದೆ. ಹಾಗಾಗಿ ವಾಸನೆ ಬಂದದ್ದನ್ನು ಅದೇ ದಿನ ಬೇರೆ ಇಡಿ.

ಚಿರೇಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಅದಕ್ಕೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮನೆಯ ನಡುವಿನ ಕೋಣೆ, ಒಳಗೋಡೆಯಿಂದಲೂ ನಾಲ್ಕು ಬೆರಳು ದೂರ, ನೆಲದಿಂದ ಮೇಲೆ. ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಬಿಟ್ಟ ಆಮ್ಲ ಒಳಗೇ ಉಳಿಯುತ್ತದೆ. “ಅಡಿಕೆ ಒಣಗಿಸುವ ಅಟ್ಟದಲ್ಲಿ ಇಟ್ಟರೆ ತೇವ ಹೋಗುತ್ತದಲ್ಲ” ಅಂತ ಶಿರಸಿ ಕಡೆಯವರು ಕೇಳುತ್ತಾರೆ. ಬೇಡ. ತೇವ ಹೋಗುತ್ತದೆ ನಿಜ, ಆದರೆ ಶಾಖಕ್ಕೆ ಫಿಲ್ಮು ಕುಗ್ಗಿ ಬಾಗುತ್ತದೆ.

ಕುಗ್ಗಿದೆಯಾ ಅಂತ ನೋಡಲು ಒಂದು ದಾರಿ. ಅದೇ ಅಳತೆಯ ಹೊಸ ಫಿಲ್ಮಿನ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟು ತೂತಿಗೆ ತೂತು ಕೂಡಿಸಿ 100 ಫ್ರೇಮು ಎಣಿಸಿ. ಹಳೆಯದು ಒಂದು ಇಡೀ ಫ್ರೇಮಿನಷ್ಟು ಹಿಂದೆ ಬಿದ್ದರೆ ಶೇ 1 ಕುಗ್ಗಿದೆ ಅಂತ ಅರ್ಥ. ಅದನ್ನು ಪ್ರೊಜೆಕ್ಟರಿಗೆ ಹಾಕಬೇಡಿ, ಹಲ್ಲುಗಳು ತೂತನ್ನು ಸೀಳುತ್ತವೆ. ಒಂದೊಂದೇ ಫ್ರೇಮು ಸ್ಕ್ಯಾನ್ ಮಾಡಿಸಬಹುದು.

ಕನ್ನಡದಲ್ಲಿ ಇಂಥ ಮೂಕಿ ಹಾಸ್ಯ ಇತ್ತಾ?

ಭಾರತದಲ್ಲಿ ಇತ್ತು. ದಾದಾಸಾಹೇಬ್ ಫಾಲ್ಕೆಯವರೇ ಪೌರಾಣಿಕ ಚಿತ್ರದ ಜೊತೆ ತೋರಿಸಲು ‘ಪಿಠಾಚೆ ಪಂಜೆ’ ಎಂಬ ಸಣ್ಣ ಹಾಸ್ಯ ಚಿತ್ರ ಮಾಡಿದ್ದರು. ಕನ್ನಡದ ಕಡೆಯಿಂದ, ರಂಗದ ಮೇಲೆ ಹಾಸ್ಯಕ್ಕೆ ಹೆಸರಾಗಿದ್ದ ಗುಬ್ಬಿ ವೀರಣ್ಣನವರು 1931ರಲ್ಲಿ ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರ ತಯಾರಿಸಿ ತಾವೇ ನಟಿಸಿದರು.

ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದರ ಪ್ರತಿ ಇವತ್ತು ಇಲ್ಲ. ಅದೇ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಮೇಳ ಈಗಲೂ ಗುಣವಂತೆಯಲ್ಲಿ ಇದೆ. ಕಲಿಸಿದವರಿಂದ ಕಲಿತವರಿಗೆ ಹೋದ ಕಲೆ ಉಳಿಯಿತು, ಯಂತ್ರಕ್ಕೆ ಒಪ್ಪಿಸಿದ್ದು ಹೋಯಿತು. ಫಿಲ್ಮನ್ನೂ ಯಾರಾದರೂ ಮನಸ್ಸಿಟ್ಟು ಕಾಯಬೇಕಿತ್ತು.

1970ರ ದಶಕದ ಸ್ಕೆಚ್ ಸಿನಿಮಾಗಳನ್ನೂ ಸಂಗ್ರಹಿಸುತ್ತಾರಾ?

ಸಂಗ್ರಹಿಸುತ್ತಾರೆ, ಅದು ಇನ್ನೊಂದು ಗುಂಪು. ಸಂಬಂಧವಿಲ್ಲದ ಹತ್ತಾರು ಪ್ರಹಸನಗಳನ್ನು ಪೋಣಿಸಿ ಪೂರ್ತಿ ಸಿನಿಮಾ ಮಾಡುವ ಪದ್ಧತಿ ಆಗ ಬಂತು. ಇಂಗ್ಲೆಂಡಿನ ಮಾಂಟಿ ಪೈಥಾನ್ ತಂಡ ತಮ್ಮ ಟೀವಿ ಪ್ರಹಸನಗಳನ್ನೇ ಫಿಲ್ಮಿನ ಮೇಲೆ ಮತ್ತೆ ಆಡಿ 1971ರಲ್ಲಿ ಒಂದು ಚಿತ್ರ ತಂದಿತು. ಇವಕ್ಕೂ ಬೆಲೆ ಬಂದದ್ದು ನಷ್ಟದಿಂದಲೇ. ಆಗ ಬಿಬಿಸಿ ವಿಡಿಯೋ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ಪೀಟರ್ ಕುಕ್, ಡಡ್ಲಿ ಮೂರ್ ಜೋಡಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಎಷ್ಟೋ ಹಾಗೆ ಅಳಿದವು. ಉಳಿದದ್ದರಲ್ಲಿ ಕೆಲವು, ಫಿಲ್ಮಿಗೆ ಇಳಿಸಿದ್ದ ಪ್ರತಿಗಳಿಂದ ಉಳಿದವು.

ಎಲ್ಲ ಯೂಟ್ಯೂಬಿನಲ್ಲೇ ಇದೆಯಲ್ಲ, ರೀಲು ಯಾಕೆ ಬೇಕು?

ಯೂಟ್ಯೂಬಿನಲ್ಲಿ ಧಾರಾಳವಾಗಿ ನೋಡಿ. ಆದರೆ ಅಲ್ಲಿರುವುದು ಎಷ್ಟೋ ಸಲ ಪ್ರತಿಯ ಪ್ರತಿಯ ಪ್ರತಿ. ಅಂಚು ಕತ್ತರಿಸಿರುತ್ತದೆ, ವೇಗ ತಪ್ಪಿರುತ್ತದೆ, ಸಂಬಂಧವಿಲ್ಲದ ಸಂಗೀತ ಹಾಕಿರುತ್ತಾರೆ. ಕೀಟನ್‌ರ ಆಟದಲ್ಲಿ ಚೌಕಟ್ಟಿನ ಮೂಲೆಯಲ್ಲಿ ಏನಾಗುತ್ತಿದೆ ಅನ್ನುವುದೇ ಅರ್ಧ ಹಾಸ್ಯ. ಅದು ಕತ್ತರಿಸಿ ಹೋದರೆ ಉಳಿಯುವುದೇನು?

ಊರ ಶಾಲೆಯಲ್ಲಿ ತೋರಿಸಿದರೆ ಕಾನೂನಿನ ತೊಂದರೆ ಇದೆಯಾ?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಮೂಕಿ ಚಿತ್ರಗಳು ಆ ಗಡುವನ್ನು ಎಂದೋ ದಾಟಿವೆ. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕು ಇರುತ್ತದೆ. ಸುಮ್ನೆ ಊರಿನವರೇ ಹಾರ್ಮೋನಿಯಂ, ತಬಲಾ ಹಿಡಿದು ಕೂತರೆ ಆಯಿತು. ಮಕ್ಕಳಿಗೆ ಅದೇ ಹೆಚ್ಚು ಖುಷಿ.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹುಡುಕಬೇಕು?

ಹಡಗಿನಲ್ಲಿ, ಗಲ್ಫಿನಲ್ಲಿ ದುಡಿದು ಬಂದವರ ಮನೆಗಳಲ್ಲಿ ಕೇಳಿ. ಕಾರವಾರ, ಅಂಕೋಲಾ, ಭಟ್ಕಳದಲ್ಲಿ ಅಂಥ ಮನೆಗಳು ತುಂಬಾ. ಹಳೇ ಫೋಟೋ ಸ್ಟುಡಿಯೋ, ಮುಚ್ಚಿದ ಟಾಕೀಸು, ಮಿಷನ್ ಶಾಲೆಯ ಉಗ್ರಾಣವನ್ನೂ ಬಿಡಬೇಡಿ. ಗುಜರಿಯವರಿಗೆ ಒಂದು ಮಾತು ಹೇಳಿಡಿ, ಇಲ್ಲದಿದ್ದರೆ ತಗಡಿನ ಡಬ್ಬಿ ತೂಕಕ್ಕೆ ಹೋಗುತ್ತದೆ, ಒಳಗಿನದು ಕಸಕ್ಕೆ. ಮುಂಬೈಗೆ ಹೋದರೆ ಚೋರ್ ಬಜಾರ್ ನೋಡಿ. ಅಲ್ಲಿ ಕೊಳ್ಳುವ ಮೊದಲು ಡಬ್ಬಿ ತೆಗೆಸಿ ಮೂಸಿ.

ಹೊಸಬರು ಯಾವುದರಿಂದ ಶುರು ಮಾಡಬೇಕು?

ಚಾಪ್ಲಿನ್ 1916, 1917ರಲ್ಲಿ ಮ್ಯೂಚುಯಲ್ ಕಂಪನಿಗೆ ಮಾಡಿದ 12 ಚಿತ್ರಗಳು ಒಳ್ಳೆಯ ಶುರು. ಆಮೇಲೆ ಕೀಟನ್‌ರ 1920ರ ‘ಒನ್ ವೀಕ್’, ಹೊಸ ದಂಪತಿ ಮನೆ ಕಟ್ಟುವ ಫಜೀತಿ. ಲಾರೆಲ್-ಹಾರ್ಡಿಯ 1929ರ ‘ಬಿಗ್ ಬಿಸಿನೆಸ್’ನಲ್ಲಿ ಕ್ರಿಸ್ಮಸ್ ಗಿಡ ಮಾರಲು ಹೋದ ಇಬ್ಬರು ಗಿರಾಕಿಯ ಮನೆ ಒಡೆಯುತ್ತಾರೆ, ಅವನು ಇವರ ಕಾರು ಒಡೆಯುತ್ತಾನೆ. ಮೂವರೂ ಸರದಿ ಕಾದು ಒಡೆಯುವುದೇ ಅದರ ಚಂದ.

ಪ್ರೊಜೆಕ್ಟರ್ ಕೊಳ್ಳುವ ಅವಸರ ಬೇಡ. ಮೊದಲು ಫಿಲ್ಮು ಸುತ್ತುವ ಹಿಡಿಯ ಜೋಡಿ, ಅಂಟಿಸುವ ಸ್ಪ್ಲೈಸರ್, ಹತ್ತಿಯ ಕೈಗವಸು, ಒಂದು ಭೂತಗನ್ನಡಿ ತೆಗೆದುಕೊಳ್ಳಿ. ರೀಲನ್ನು ಕೈಯಲ್ಲೇ ನಿಧಾನ ಸುತ್ತುತ್ತಾ ಪೂರ್ತಿ ನೋಡಿ. ಹರಿದ ತೂತು, ಹಳೇ ಅಂಟು ಎಲ್ಲೆಲ್ಲಿದೆ ಗುರುತು ಮಾಡಿ. ಆಮೇಲೆ ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಡಿ. ಚಿತ್ರದ ಹೆಸರು, ಅಳತೆ, ಎಷ್ಟು ಅಡಿ, ಯಾರ ಮನೆಯಿಂದ ಬಂತು, ಯಾವ ತಿಂಗಳು ಪರೀಕ್ಷೆ ಮಾಡಿದಿರಿ, ವಾಸನೆ ಇತ್ತೋ ಇಲ್ಲವೋ. ಸೀಸದಕಡ್ಡಿಯಲ್ಲೇ ಬರೆಯಿರಿ, ಶಾಯಿ ನಮ್ಮ ಮಳೆಗಾಲಕ್ಕೆ ಹರಡುತ್ತದೆ.